ದುಬಾರಿ ಕಂಪನಿ ಹಗುರ ಕಾರು ಮಾಡಿದರೆ ಹೆಸರು ಕೆಡುತ್ತಾ?

ಪ್ರಶ್ನೆ: ಸರ್, ನನ್ನದು ಹೊಸೂರು ಪಕ್ಕದ ಬಾಗಲೂರು. ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಕೆಲಸ. ಪೋರ್ಷೆ, ಫೆರಾರಿ ಥರದ ಕಂಪನಿಗಳು ಹಗುರವಾದ, ಸಣ್ಣ ಇಂಜಿನ್ನಿನ, ಸಂಬಳದವರೂ ಆಸೆಪಡಬಹುದಾದ ಒಂದು ಕಾರು ಯಾಕೆ ಮಾಡಬಾರದು? ನಮ್ಮ ಶಿಫ್ಟ್‌ನಲ್ಲಿ ಇದೇ ವಿಷಯಕ್ಕೆ ಜೋರು ವಾದ ಆಯಿತು. ‘ಅಗ್ಗದ ಮಾಲು ಬಿಟ್ಟರೆ ಕಂಪನಿ ಹೆಸರು ಹಾಳಾಗುತ್ತೆ’ ಅನ್ನೋದು ಗೆಳೆಯರ ಮಾತು. ನಿಜವಾ?

ಉತ್ತರ: ಖಂಡಿತ ಮಾಡಬೇಕು. ಒಂದೇ ಷರತ್ತು: ಸಾಮಾನು ಕಡಿಮೆ ಹಾಕಿ ಬೆಲೆ ಇಳಿಸಬೇಕು, ಕಳಪೆ ಸಾಮಾನು ಹಾಕಿ ಅಲ್ಲ. ಈ ಎರಡರ ನಡುವಿನ ವ್ಯತ್ಯಾಸ ಮರೆತ ಕಂಪನಿಗಳ ಹೆಸರು ಕೆಟ್ಟಿದ್ದು ಹೌದು. ನಿಮ್ಮ ಗೆಳೆಯರ ಮಾತಿನಲ್ಲಿ ಅಷ್ಟರ ಮಟ್ಟಿಗೆ ಸತ್ಯ ಇದೆ.

ಮೊದಲು ತೂಕದ ಲೆಕ್ಕ ನೋಡೋಣ. 1996ರಲ್ಲಿ ಎರಡು ಕಾರು ಬಂದವು. ಒಂದು ಪೋರ್ಷೆ ಬಾಕ್ಸ್‌ಸ್ಟರ್: 2.5 ಲೀಟರ್ ಇಂಜಿನ್, 204 ಕುದುರೆಶಕ್ತಿ, ತೂಕ ಸುಮಾರು 1,250 ಕೆ.ಜಿ. ಇನ್ನೊಂದು ಲೋಟಸ್ ಎಲೀಸ್. ಅದರ 1.8 ಲೀಟರ್ ಇಂಜಿನ್ ರೋವರ್ ಕಂಪನಿಯ ಮಾಮೂಲಿ ಕಾರುಗಳಲ್ಲಿ ಇದ್ದದ್ದೇ, ಬರೀ 118 ಕುದುರೆಶಕ್ತಿ. ಆದರೆ ಇಡೀ ಕಾರಿನ ತೂಕ 725 ಕೆ.ಜಿ. ಆಸುಪಾಸು. ಭಾಗಿಸಿ ನೋಡಿ. ಎರಡಕ್ಕೂ ಟನ್ನಿಗೆ ಹೆಚ್ಚುಕಡಿಮೆ 163 ಕುದುರೆಶಕ್ತಿ ಬರುತ್ತದೆ. ಹತ್ತಿರ ಹತ್ತಿರ ಅರ್ಧ ಶಕ್ತಿಯ ಇಂಜಿನ್ ಇಟ್ಟುಕೊಂಡು ಎಲೀಸ್ ಅದೇ ಮಟ್ಟಕ್ಕೆ ನಿಂತಿತು.

ಇದು ಬರೀ ಪಿಕಪ್ ವಿಷಯ ಅಲ್ಲ. ಕಾರು ಭಾರವಾದರೆ ದೊಡ್ಡ ಇಂಜಿನ್ ಬೇಕು. ದೊಡ್ಡ ಇಂಜಿನ್ ಬಂದರೆ ಗಟ್ಟಿ ಗೇರ್‌ಬಾಕ್ಸ್, ದೊಡ್ಡ ರೇಡಿಯೇಟರ್, ದೊಡ್ಡ ಬ್ರೇಕ್ ಡಿಸ್ಕ್, ಅಗಲವಾದ ಟೈರ್ ಬೇಕು. ಅವೆಲ್ಲ ಸೇರಿ ಕಾರು ಇನ್ನೂ ಭಾರ ಆಗುತ್ತದೆ. ರಾಗಿ ಮೂಟೆ ಹೊತ್ತು ಓಡುವವನಿಗೆ ಮೂಟೆ ಇಳಿಸು ಅನ್ನುವ ಬದಲು ಇನ್ನೂ ಎರಡು ಮುದ್ದೆ ತಿನ್ನು ಅಂದ ಹಾಗೆ. ಹಗುರ ಕಾರಿನಲ್ಲಿ ಇದೆಲ್ಲ ತಿರುಗುಮುರುಗು. ಒಂದು ಭಾಗ ಚಿಕ್ಕದಾದರೆ ಇನ್ನೊಂದೂ ಚಿಕ್ಕದಾಗುತ್ತದೆ, ಖರ್ಚೂ ಜೊತೆಗೇ ಇಳಿಯುತ್ತದೆ. ಡ್ರೈವರ್‌ಗೆ ಸಿಗಬೇಕಾದ ಖುಷಿ ಮಾತ್ರ ಇಳಿಯುವುದಿಲ್ಲ. ಸ್ಪೋರ್ಟ್ಸ್ ಕಾರು ಮಾಡುವವರಿಗೆ ಅಗ್ಗವಾಗಲು ಇಷ್ಟು ಮರ್ಯಾದೆಯ ದಾರಿ ಇನ್ನೊಂದಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಆದರೆ ಹಗುರ ಮಾಡಿದ್ದೆಲ್ಲ ಅಗ್ಗ ಆಗುವುದಿಲ್ಲ. ಇಲ್ಲೇ ತುಂಬಾ ಜನ ಎಡವುವುದು. ಆಲ್ಫಾ ರೋಮಿಯೋ 2013ರಲ್ಲಿ 4ಸಿ ಅನ್ನುವ ಕಾರಿಗೆ ಕಾರ್ಬನ್ ಫೈಬರ್ ಅನ್ನುವ ದುಬಾರಿ ವಸ್ತುವಿನ ಚಾಸಿ (ಕಾರಿನ ಚೌಕಟ್ಟು) ಹಾಕಿತು. ಪೆಟ್ರೋಲ್, ಆಯಿಲ್ ಎಲ್ಲ ಬಿಟ್ಟು ತೂಗಿದರೆ 900 ಕೆ.ಜಿ.ಗೂ ಕಡಿಮೆ. ಕಾರು ಸೊಗಸಾಗಿತ್ತು, ಬೆಲೆ ಮಾತ್ರ ಸಾಮಾನ್ಯರ ಕೈಗೆ ಸಿಗಲಿಲ್ಲ. ಎಲೀಸ್‌ನವರು ಬೇರೆ ದಾರಿ ಹಿಡಿದರು. ನೀವು ಫ್ಯಾಕ್ಟರಿಯಲ್ಲಿ ಇರುವವರು, ನಿಮಗೆ ಇದು ಇಷ್ಟ ಆಗುತ್ತದೆ. ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್ ಗೊತ್ತಲ್ಲ, ಬಾಗಿಲು ಕಿಟಕಿ ಚೌಕಟ್ಟಿಗೆ ಡೈ ಮೂಲಕ ಒತ್ತಿ ಉದ್ದಕ್ಕೆ ತೆಗೆಯುತ್ತಾರಲ್ಲ, ಅದೇ ವಿಧಾನ. ಹಾಗೆ ತೆಗೆದ ತುಂಡುಗಳನ್ನು ಎಪಾಕ್ಸಿ ಅಂಟಿನಿಂದ ಕೂಡಿಸಿ ಚಾಸಿ ಮಾಡಿದರು. ಅದರ ತೂಕ 68 ಕೆ.ಜಿ., ಅಂದರೆ ಒಬ್ಬ ಆಳಿನಷ್ಟು. ಎಕ್ಸ್‌ಟ್ರೂಷನ್ ಡೈಗೆ ತಗಡು ಒತ್ತುವ ಪ್ರೆಸ್ ಡೈನಷ್ಟು ದುಡ್ಡು ಬೇಕಾಗಿಲ್ಲ. ಕಡಿಮೆ ಸಂಖ್ಯೆಯ ಕಾರು ಮಾಡುವ ಸಣ್ಣ ಕಂಪನಿಗೆ ಹೇಳಿ ಮಾಡಿಸಿದ ಉಪಾಯ. ಎಲೀಸ್ 2021ರವರೆಗೂ ನಡೆಯಿತು.

ಅದೂ ಬೇಡ, ಮಾಮೂಲಿ ಉಕ್ಕಿನ ತಗಡಿನಲ್ಲೇ ಆಗುತ್ತದೆ ಅಂತ ತೋರಿಸಿದ್ದು ಮಜ್ದಾ. ಅದರ ಎಂಎಕ್ಸ್-5 ಬಂದಿದ್ದು 1989ರಲ್ಲಿ. ಎರಡೇ ಸೀಟು, 1.6 ಲೀಟರ್ ಇಂಜಿನ್, ತೂಕ ಟನ್ನಿಗಿಂತ ಕಡಿಮೆ. 2016ಕ್ಕೆ ಹತ್ತು ಲಕ್ಷ ಕಾರು ತಯಾರಾಗಿದ್ದವು. ಮಜ್ದಾ ದುಬಾರಿ ಕಂಪನಿ ಅಲ್ಲ, ಒಪ್ಪುತ್ತೇನೆ. ಆದರೆ ಇಂಥ ಕಾರಿಗೆ ಗಿರಾಕಿಗಳೇ ಇಲ್ಲ ಅನ್ನುವವರಿಗೆ ಈ ಒಂದು ಉದಾಹರಣೆ ಸಾಕು.

ಇನ್ನು ಹೆಸರಿನ ವಿಷಯ. ಪೋರ್ಷೆಯ ಚರಿತ್ರೆಯಲ್ಲೇ ಎಲ್ಲ ಉತ್ತರಗಳೂ ಇವೆ. 1969ರಲ್ಲಿ ಅದು ಫೋಕ್ಸ್‌ವ್ಯಾಗನ್ ಜೊತೆ ಸೇರಿ 914 ಕಾರು ಮಾಡಿತು. ನಾಲ್ಕು ಸಿಲಿಂಡರ್‌ನದು ಫೋಕ್ಸ್‌ವ್ಯಾಗನ್ ಇಂಜಿನ್, ಆರು ಸಿಲಿಂಡರ್‌ನದು ಪೋರ್ಷೆಯದು. ಎರಡೂ ಕಂಪನಿಯ ಮುಖ್ಯಸ್ಥರು ಬಾಯಿಮಾತಿನಲ್ಲಿ ಒಪ್ಪಂದ ಮಾಡಿಕೊಂಡಿದ್ದರು. ಫೋಕ್ಸ್‌ವ್ಯಾಗನ್‌ನ ಹೈಂಜ್ ನಾರ್ಡ್‌ಹಾಫ್ 1968ರಲ್ಲಿ ತೀರಿಕೊಂಡರು. ಆಮೇಲೆ ಬಂದವರ ಲೆಕ್ಕವೇ ಬೇರೆ. ಫೋಕ್ಸ್‌ವ್ಯಾಗನ್ ಹೇಳಿದ ಬೆಲೆಗೆ ಪೋರ್ಷೆಗೆ ಕಾರಿನ ಬಾಡಿ ದುಬಾರಿಯಾಯಿತು. ಆರು ಸಿಲಿಂಡರ್ 914ರ ಬೆಲೆ ಪೋರ್ಷೆಯ ಮುಖ್ಯ ಕಾರಾದ 911ರ ಕಡಿಮೆ ದರ್ಜೆಯ ಮಾದರಿಯ ಹತ್ತಿರ ಬಂದು ನಿಂತಿತು. ಇನ್ನೊಂಚೂರು ಹಾಕಿದರೆ 911 ಸಿಗುವಾಗ ಇದನ್ನು ಯಾರು ಕೊಳ್ಳುತ್ತಾರೆ? ಆ ಆರು ಸಿಲಿಂಡರ್ ಕಾರು ಬಿಕರಿ ಆಗಿದ್ದು ಮೂರೂಕಾಲು ಸಾವಿರದ ಆಸುಪಾಸು. ನಾಲ್ಕು ಸಿಲಿಂಡರ್‌ನದು ಮಾತ್ರ ಲಕ್ಷ ದಾಟಿತು. ಇಂಥ ಕಾರನ್ನು ಕೆಡಿಸುವುದು ‘ಅಗ್ಗದ್ದು’ ಅನ್ನುವ ಮಾತಲ್ಲ. ಅಗ್ಗದ್ದು ಅಂತ ಹೇಳಿ ಅಗ್ಗವಾಗಿ ಕೊಡದೇ ಇರುವುದು.

1976ರಲ್ಲಿ 924 ಬಂತು. ಅದರ ಇಂಜಿನ್ ಬ್ಲಾಕ್ ಫೋಕ್ಸ್‌ವ್ಯಾಗನ್‌ನ ವ್ಯಾನಿನಲ್ಲೂ ಇತ್ತು. ‘ವ್ಯಾನ್ ಇಂಜಿನ್ ಪೋರ್ಷೆ’ ಅಂತ ಆಡಿಕೊಂಡವರು ಈಗಲೂ ಇದ್ದಾರೆ. ಆದರೆ ಓಡಿಸಿದವರು ಅದರ ತೂಕದ ಹಂಚಿಕೆಯನ್ನು ಮೆಚ್ಚಿದರು. ಇಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದಿನ ಚಕ್ರಗಳ ಹತ್ತಿರ. ತಿರುವಿನಲ್ಲಿ ಕಾರು ಹದವಾಗಿ ನಿಲ್ಲುತ್ತಿತ್ತು. ಅದೇ ಕಾರು ಬೆಳೆದು 944 ಆಯಿತು. ಇಂಜಿನ್ ಎಲ್ಲಿಂದ ಬಂತು ಅನ್ನುವುದಕ್ಕಿಂತ ಅದನ್ನು ಕೂರಿಸಿದ್ದು ಯಾರು, ಹೇಗೆ ಅನ್ನೋದು ದೊಡ್ಡ ಪ್ರಶ್ನೆ.

1980ರ ದಶಕದ ನಡುವೆ ವರ್ಷಕ್ಕೆ 50 ಸಾವಿರದಷ್ಟು ಕಾರು ಮಾರುತ್ತಿದ್ದ ಪೋರ್ಷೆ 1993ರ ಹೊತ್ತಿಗೆ 15 ಸಾವಿರದ ಆಸುಪಾಸಿಗೆ ಕುಸಿಯಿತು. ಕಂಪನಿ ಮುಳುಗೇ ಹೋಯಿತು ಅನ್ನುವಾಗ ಕೈಹಿಡಿದದ್ದು ಅದೇ ಬಾಕ್ಸ್‌ಸ್ಟರ್. ಅದನ್ನೂ ಮುಂದಿನ 911ನ್ನೂ ಒಟ್ಟಿಗೇ ರೂಪಿಸಿದರು. ಬಾನೆಟ್, ಹೆಡ್‌ಲೈಟ್, ಮುಂದಿನ ಬಾಗಿಲು, ಡ್ಯಾಶ್‌ಬೋರ್ಡಿನ ಭಾಗಗಳು ಎರಡಕ್ಕೂ ಒಂದೇ. ಹಣ ಉಳಿಸಿದ್ದು ಅಲ್ಲಿ. ಇಂಜಿನ್ ಮಾತ್ರ ಪೋರ್ಷೆಯದೇ, ಸೀಟಿನ ಬೆನ್ನಿಗೇ, ಕಾರಿನ ನಡುವೆ. ಹಣ ಉಳಿಸಬಾರದ ಕಡೆ ಉಳಿಸಲಿಲ್ಲ. ಕೈಗೆ ಸಿಗುವ ಸ್ಟಿಯರಿಂಗ್, ಕಾಲಿಗೆ ಸಿಗುವ ಬ್ರೇಕ್, ಬೆನ್ನಿಗೆ ಸಿಗುವ ಸೀಟು, ಇವನ್ನು ಮುಟ್ಟಬೇಡಿ. ಉಳಿದದ್ದರಲ್ಲಿ ಎಷ್ಟು ಬೇಕಾದರೂ ಜಿಪುಣತನ ಮಾಡಿ.

ಹಾಗಾದರೆ ಹೆಸರು ಕೆಡುವುದು ಯಾವಾಗ? ಆಸ್ಟನ್ ಮಾರ್ಟಿನ್ 2011ರಲ್ಲಿ ಟೊಯೊಟಾದ ಪುಟ್ಟ ಐಕ್ಯೂ ಕಾರು ತಗೊಂಡು, ಗ್ರಿಲ್ ಬದಲಿಸಿ, ಚರ್ಮದ ಸೀಟು ಹೊಲಿಸಿ ಸಿಗ್ನೆಟ್ ಅಂತ ಹೆಸರಿಟ್ಟಿತು. ಬೆಲೆ ಮೂಲ ಕಾರಿನ ಎರಡು ಪಟ್ಟಿಗೂ ಜಾಸ್ತಿ. ಕಾರು ಹಗುರವಾಗಿತ್ತು, ಚಿಕ್ಕದಾಗಿತ್ತು, ಆದರೆ ಆಸ್ಟನ್ ಮಾರ್ಟಿನ್ ಆಗಿರಲಿಲ್ಲ. 2013ಕ್ಕೇ ನಿಂತಿತು. ಫೆರಾರಿಯದು ಇನ್ನೊಂದು ಬಗೆ. 1960ರ ದಶಕದ ಕೊನೆಯಲ್ಲಿ ಅದು ಚಿಕ್ಕ ವಿ6 ಇಂಜಿನ್ನಿನ ಕಾರನ್ನು ಡೀನೋ ಅನ್ನುವ ಹೆಸರಲ್ಲಿ ಬಿಟ್ಟಿತು, ಕಾರಿನ ಮೇಲೆ ಫೆರಾರಿ ಅಂತ ಬರೆಯಲಿಲ್ಲ. ಎಂಜೊ ಫೆರಾರಿ ಅವರ ತೀರಿಹೋದ ಮಗನ ಹೆಸರು ಅದು. ಇವತ್ತು ಅದೇ ಡೀನೋಗೆ ಹಳೇ ಕಾರು ಸಂಗ್ರಹಿಸುವವರು ಕೋಟಿಗಟ್ಟಲೆ ಕೊಡುತ್ತಾರೆ. ಕಾರು ಚೆನ್ನಾಗಿದ್ದರೆ ಹೆಸರನ್ನು ಅದೇ ಸಂಪಾದಿಸುತ್ತದೆ.

ನನಗೆ ಸಿಟ್ಟು ತರಿಸುವ ಇನ್ನೊಂದು ಅಭ್ಯಾಸ ಇದೆ. ತಮ್ಮ ಅಣ್ಣನನ್ನು ಮೀರಬಾರದು ಅಂತ ಚಿಕ್ಕ ಕಾರಿನ ಕೈ ಕಟ್ಟುವುದು. 911ರ ತಮ್ಮನಂಥ ಪೋರ್ಷೆ ಕೇಮನ್ ಹುಟ್ಟಿದ್ದು 2005ರಲ್ಲಿ. ಇಂಜಿನ್ ನಡುವೆ ಇರುವ ಆ ಚಾಸಿ ಇನ್ನೂ ಎಷ್ಟೋ ಶಕ್ತಿ ತಡೆಯುತ್ತಿತ್ತು. ಆದರೂ 911 ಜಿಟಿ3ರ 500 ಕುದುರೆಶಕ್ತಿಯ ಇಂಜಿನ್ ಅದಕ್ಕೆ ಸಿಕ್ಕಿದ್ದು 2021ರಲ್ಲಿ, ಅದೂ ತುಂಬಾ ದುಬಾರಿಯಾದ ಜಿಟಿ4 ಆರ್‌ಎಸ್ ಮಾದರಿಯಲ್ಲಿ. ಹಗುರ ಕಾರಿಗೆ 500 ಕುದುರೆ ಬೇಕು ಅಂತ ನಾನು ಹೇಳುತ್ತಿಲ್ಲ. ಕಮ್ಮಿ ದುಡ್ಡು ಕೊಟ್ಟವನಿಗೆ ಬೇಕಂತಲೇ ಕಮ್ಮಿ ಖುಷಿ ಕೊಡಬೇಡಿ ಅಂತ ಹೇಳುತ್ತಿದ್ದೇನೆ.

ನಿಮ್ಮ ಗೆಳೆಯರಿಗೆ ದೂರದ ಉದಾಹರಣೆ ಹಿಡಿಸದಿದ್ದರೆ ಹೊಸೂರಿನದೇ ತೋರಿಸಿ. ಬಿಎಂಡಬ್ಲ್ಯೂ ಮತ್ತು ಟಿವಿಎಸ್ ಕೈಜೋಡಿಸಿದ್ದು 2013ರಲ್ಲಿ. ಅದರಿಂದ ಹುಟ್ಟಿದ ಬಿಎಂಡಬ್ಲ್ಯೂ ಜಿ 310 ಆರ್ ಬೈಕ್ ತಯಾರಾಗಿದ್ದು ನಿಮ್ಮ ಊರಿನ ಟಿವಿಎಸ್ ಕಾರ್ಖಾನೆಯಲ್ಲಿ, ಇಲ್ಲಿಂದಲೇ ಹೊರದೇಶಗಳಿಗೂ ಹೋಯಿತು. 313 ಸಿಸಿ, 34 ಕುದುರೆಶಕ್ತಿ, ತೂಕ 160 ಕೆ.ಜಿ. ಹತ್ತಿರ. ಅದರ ಇಂಜಿನ್ ಒಮ್ಮೆ ಬಗ್ಗಿ ನೋಡಿ. ಹೆಚ್ಚಿನ ಬೈಕುಗಳಲ್ಲಿ ಸಿಲಿಂಡರ್ ನೆಟ್ಟಗಿರುತ್ತದೆ, ಇಲ್ಲ ಮುಂದಕ್ಕೆ ವಾಲಿರುತ್ತದೆ. ಇದರಲ್ಲಿ ಹಿಂದಕ್ಕೆ ವಾಲಿದೆ. ಗಾಳಿ ಮುಂದಿನಿಂದ ಒಳಗೆ, ಹೊಗೆ ಹಿಂದಿನಿಂದ ಹೊರಗೆ. ಇದರಿಂದ ಭಾರ ಮುಂದಿನ ಚಕ್ರದ ಕಡೆ ಬಂತು, ಬೈಕ್ ಗಿಡ್ಡವಾಗಿಯೇ ಉಳಿದು ಹಿಂದಿನ ಚಕ್ರ ಹಿಡಿಯುವ ಸ್ವಿಂಗ್‌ಆರ್ಮ್ ಉದ್ದ ಇಡಲು ಜಾಗ ಸಿಕ್ಕಿತು. ಸುಮ್ನೆ ಲೋಗೋ ಅಂಟಿಸಿದ ಬೈಕ್ ಅಲ್ಲ ಅದು.

ಆದರೆ ಬೆಲೆಯಲ್ಲಿ ಮೊದಲು ತಪ್ಪಿದರು. 2018ರಲ್ಲಿ 2.99 ಲಕ್ಷ ರೂಪಾಯಿಗೆ ಬಿಟ್ಟರು. ಅದೇ ಇಂಜಿನ್ನಿನ ಟಿವಿಎಸ್ ಅಪಾಚೆ ಆರ್‌ಆರ್ 310 ಅದಕ್ಕೂ ಕೆಲವೇ ತಿಂಗಳ ಮುಂಚೆ 2.05 ಲಕ್ಷಕ್ಕೆ ಬಂದಿತ್ತು. ಜನ ಲೆಕ್ಕ ಹಾಕದೇ ಇರ್ತಾರಾ? 2020ರಲ್ಲಿ ಬಿಎಸ್6 (ಹೊಸ ಹೊಗೆ ನಿಯಮದ) ಮಾದರಿ ಬಂದಾಗ 2.45 ಲಕ್ಷಕ್ಕೆ ಇಳಿಸಿದರು. 914ರಲ್ಲಿ ಆಗಿದ್ದು ಇಲ್ಲೂ ಆಯಿತು, ಇವರು ಸರಿಮಾಡಿಕೊಂಡರು ಅಷ್ಟೇ. ಇಷ್ಟೆಲ್ಲ ಆದ ಮೇಲೂ ಬಿಎಂಡಬ್ಲ್ಯೂ ದೊಡ್ಡ ಬೈಕುಗಳ ಗತ್ತು ಒಂದಿಷ್ಟೂ ಕಡಿಮೆ ಆಗಲಿಲ್ಲ.

ಪ್ರಶ್ನೆ: ನಮ್ಮ ದೇಶದಲ್ಲಿ ಇಂಥ ಕಾರು ಯಾಕೆ ಬರಲ್ಲ? (ಡೆಂಕಣಿಕೋಟೆಯ ಓದುಗರು)

ಉತ್ತರ: ತೆರಿಗೆ ಒಂದು ಮುಖ್ಯ ಕಾರಣ. ಪೂರ್ತಿ ಜೋಡಿಸಿ ತಂದ ದುಬಾರಿ ಕಾರಿಗೆ ವರ್ಷಾನುಗಟ್ಟಲೆ ಕಾರಿನ ಬೆಲೆಯಷ್ಟೇ ಆಮದು ಸುಂಕ ಇತ್ತು. ಇಲ್ಲೇ ಮಾಡಿದರೂ ಇನ್ನೊಂದು ತೊಡಕು. 2025ರ ಸೆಪ್ಟೆಂಬರ್‌ನಿಂದ 18% ಜಿಎಸ್‌ಟಿ ಸಿಗುವ ಪೆಟ್ರೋಲ್ ಕಾರು ನಾಲ್ಕು ಮೀಟರ್ ಒಳಗಿರಬೇಕು, ಇಂಜಿನ್ 1,200 ಸಿಸಿ ದಾಟಬಾರದು. ದಾಟಿದರೆ 40%. ಮಜ್ದಾ ಎಂಎಕ್ಸ್-5 ನಾಲ್ಕು ಮೀಟರ್ ಒಳಗೇ ಇದೆ, ಆದರೆ ಅದರ ಅತಿ ಚಿಕ್ಕ ಇಂಜಿನ್ನೇ 1.5 ಲೀಟರ್. ತೂಕಕ್ಕೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ. 900 ಕೆ.ಜಿ.ಯ ಎರಡು ಸೀಟಿನ ಕಾರಿಗೂ ಎರಡು ಟನ್ನಿನ ಎಸ್‌ಯುವಿಗೂ ಒಂದೇ ತೆರಿಗೆ ಹಾಕುವುದು ಸರಿ ಅಂತ ನನಗೆ ಅನ್ನಿಸುವುದಿಲ್ಲ.

ಆದರೂ ನಮ್ಮವರು ಪ್ರಯತ್ನವೇ ಮಾಡಿಲ್ಲ ಅನ್ನುವ ಹಾಗಿಲ್ಲ. ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ಡಾಲ್ಫಿನ್ ಅನ್ನುವ ಫೈಬರ್ ಬಾಡಿಯ ಪುಟ್ಟ ಕಾರು ಮಾಡಿತ್ತು. ಮೂಲ ಬ್ರಿಟನ್ನಿನ ರಿಲಯಂಟ್ ಕಿಟನ್, 848 ಸಿಸಿ ಇಂಜಿನ್. ಚೆನ್ನೈ ಹತ್ತಿರದ ಶೋಲವರಂ ರೇಸಿನಲ್ಲಿ ಅದು ಹೆಸರು ಮಾಡಿತು, ಕಾರಣ ಅದರ ತೂಕವೇ. 1983ರ ಕೊನೆಗೆ ಮಾರುತಿ 800 ಬಂತು, ಡಾಲ್ಫಿನ್ ಅದರ ಮುಂದೆ ನಿಲ್ಲಲಿಲ್ಲ. ಗೋವಾದಲ್ಲಿ 1990ರ ದಶಕದ ಕೊನೆಗೆ ಸ್ಯಾನ್ ಸ್ಟಾರ್ಮ್ ಅನ್ನುವ ಎರಡು ಸೀಟಿನ ಕಾರೂ ಬಂದಿತ್ತು, ಅದಕ್ಕೆ ರೆನೋ ಇಂಜಿನ್.

ಪ್ರಶ್ನೆ: ನಾನು ತಾಳವಾಡಿಯವಳು. ವಾರಕ್ಕೊಮ್ಮೆ ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ ಹೋಗಬೇಕು. ಹಗುರ ಕಾರು ಅಪಾಯ, ಭಾರದ್ದೇ ತಗೋ ಅಂತ ಮನೆಯವರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಮನೆಯವರ ಮಾತಿನಲ್ಲಿ ಅರ್ಧ ನಿಜ ಇದೆ ಅಮ್ಮ. ಎರಡು ಗಾಡಿ ಮುಖಾಮುಖಿ ಗುದ್ದಿದರೆ ಹಗುರ ಗಾಡಿಗೇ ಪೆಟ್ಟು ಜಾಸ್ತಿ. ಅದನ್ನು ಯಾವ ಕಂಪನಿಯೂ ಬದಲಿಸಲಾರದು. ಅದಕ್ಕೇ ಕಾರು ಆರಿಸುವಾಗ ಭಾರತ್ ಎನ್‌ಕ್ಯಾಪ್ ಅನ್ನುವ ಅಪಘಾತ ಪರೀಕ್ಷೆಯಲ್ಲಿ ಎಷ್ಟು ಸ್ಟಾರ್ ಸಿಕ್ಕಿದೆ ನೋಡಿ. ಆರು ಏರ್‌ಬ್ಯಾಗ್, ಇಎಸ್‌ಸಿ ಎರಡೂ ಇರಲಿ. ಕಾರು ಜಾರಲು ಶುರುವಾದಾಗ ಒಂದೊಂದು ಚಕ್ರಕ್ಕೇ ಬ್ರೇಕ್ ಹಾಕಿ ದಾರಿಗೆ ತರುವುದು ಇಎಸ್‌ಸಿಯ ಕೆಲಸ.

ಆದರೆ ಇಪ್ಪತ್ತೇಳು ಹೇರ್‌ಪಿನ್ ತಿರುವು ಇರುವ ದಿಂಬಂನಲ್ಲಿ ಇಳಿಯುವಾಗ ಲೆಕ್ಕ ಬೇರೆ. ಬ್ರೇಕ್ ಒತ್ತಿದಾಗೆಲ್ಲ ಗಾಡಿಯ ಓಟ ಶಾಖವಾಗಿ ಡಿಸ್ಕಿಗೆ, ಪ್ಯಾಡಿಗೆ ಹೋಗುತ್ತದೆ. ಎರಡು ಪಟ್ಟು ತೂಕ ಅಂದರೆ ಎರಡು ಪಟ್ಟು ಶಾಖ. ಭಾರದ ಗಾಡಿಯಲ್ಲಿ ಪದೇಪದೇ ಬ್ರೇಕ್ ಒತ್ತುತ್ತಾ ಬಂದರೆ ಕೆಳಗಿನ ತಿರುವುಗಳ ಹೊತ್ತಿಗೆ ಸುಟ್ಟ ವಾಸನೆ ಬರುತ್ತದೆ, ಹಿಡಿತವೂ ಸಡಿಲ ಆಗುತ್ತದೆ. ಹಗುರ ಕಾರಿಗೆ ಈ ಕಷ್ಟ ಕಡಿಮೆ. ಎದುರಿಗೆ ಲಾರಿ ತಿರುಗುತ್ತಿದ್ದರೆ ಚಿಕ್ಕ ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸುವುದೂ ಸುಲಭ.

ನಿಮ್ಮ ದಾರಿಗೆ ಸ್ವಿಫ್ಟ್ ಥರದ, ಟನ್ನಿಗಿಂತ ಕಡಿಮೆ ತೂಕದ ಮ್ಯಾನುಯಲ್ ಕಾರು ಸಾಕು. ಉಳಿದ ಹಣದಲ್ಲಿ ಒಳ್ಳೆಯ ಟೈರ್ ಹಾಕಿಸಿ. ಇಳಿಯುವಾಗ ಎರಡನೇ ಗೇರಿನಲ್ಲೇ ಬನ್ನಿ, ತಿರುವಿಗೆ ಮುಂಚೆಯೇ ವೇಗ ಇಳಿಸಿ, ನ್ಯೂಟ್ರಲ್ ಮಾತ್ರ ಯಾವತ್ತೂ ಬೇಡ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ಅದು ಗಾಳಿಯ ತೇವ ಹೀರುತ್ತದೆ, ತೇವ ಸೇರಿದ ಆಯಿಲ್ ಬಿಸಿಗೆ ಬೇಗ ಕುದಿಯುತ್ತದೆ. ಆಗ ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ.