ಹೊಳವು ಸಿಗದ ಮಳೆಗಾಲ

ನೀವು ಕೇಳಿದ್ದು ಇಷ್ಟು: "ಉತ್ತರ ಕನ್ನಡದ ಸಣ್ಣ ರೈತರು ಮಳೆ ಬದಲಾಗಿದೆ ಅನ್ನುತ್ತಾರೆ. ವರ್ಷದ ಒಟ್ಟು ಮಳೆ ನೋಡಿದರೆ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ. ಹಾಗಾದರೆ ಇದು ಬರೀ ಅನಿಸಿಕೆಯಾ? ಸಮೀಕ್ಷೆಗೆ ಬಂದರೆ ಏನು ಕೇಳಬೇಕು?"

ನಾನು ಶಿರಸಿ ತಾಲೂಕಿನವನು. ಒಂದು ಎಕರೆಗಿಂತ ಸ್ವಲ್ಪ ಜಾಸ್ತಿ ಅಡಿಕೆ ತೋಟ, ಮರಕ್ಕೆ ಹಬ್ಬಿಸಿದ ಕಾಳುಮೆಣಸು, ಕೆಳಗೆ ಒಂದಿಷ್ಟು ಗದ್ದೆ. ಒಟ್ಟು ಮಳೆ ಎಷ್ಟು ಅನ್ನುವುದು ನಮಗೆ ಅಷ್ಟು ಮುಖ್ಯ ಅಲ್ಲ. ನಾವು ಲೆಕ್ಕ ಇಡುವುದು ಹೊಳವಿನದ್ದು. ಹೊಳವು ಅಂದರೆ ಮಳೆ ನಿಂತು, ಮೋಡ ಸರಿದು, ಸ್ವಲ್ಪ ಬಿಸಿಲು ಬೀಳುವ ಬಿಡುವು.

ಅಡಿಕೆಗೆ ಮಳೆಗಾಲದಲ್ಲಿ ಕೊಳೆರೋಗದ ಭಯ. ಮಳೆ ಬಿಡದೆ ಹಿಡಿದು ಕೊನೆ, ಅಂದರೆ ಅಡಿಕೆ ಗೊಂಚಲು, ಒದ್ದೆಯಾಗೇ ಇದ್ದರೆ ಎಳೆಕಾಯಿ ಕೊಳೆತು ಉದುರುತ್ತದೆ. ತಡೆಯಲು ಬೋರ್ಡೋ ಹೊಡೆಯುತ್ತೇವೆ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ. ಮಳೆಗಾಲ ಉದ್ದವಾದರೆ ಮೂರನೆಯದೂ ಬೇಕು. ಹೊಡೆಯುವಾಗ ಕೊನೆ ಒಣಗಿರಬೇಕು, ಹೊಡೆದ ಮೇಲೆ ಔಷಧ ಆರಬೇಕು. ಮರ ಜಾರುವಾಗ, ಮೇಲೇರಿ ಔಷಧ ಹೊಡೆಯುವ ಕೊನೆಗೌಡನಿಗೆ 'ಮರ ಹತ್ತು' ಅನ್ನುವುದೂ ತಪ್ಪು. ಊರಿಗೆಲ್ಲ ಇಬ್ಬರೋ ಮೂವರೋ ಕೊನೆಗೌಡರು. ಹೊಳವು ಮಾತ್ರ ಎಲ್ಲರಿಗೂ ಅದೇ ಎರಡು ದಿನ. ದೊಡ್ಡ ತೋಟ ಮುಗಿಸಿ ಅವರು ನಮ್ಮಂಥವರ ಮನೆಗೆ ಬರುವಷ್ಟರಲ್ಲಿ ಮತ್ತೆ ಮಳೆ. ಒಂದೇ ಊರು, ಒಂದೇ ಮಳೆ, ಆದರೂ ಸಣ್ಣವರಿಗೆ ಜಾಸ್ತಿ ಪೆಟ್ಟು ಬೀಳುವುದು ಹೀಗೆ.

2025ನ್ನೇ ನೋಡಿ. ಮುಂಗಾರು ಕೇರಳಕ್ಕೆ ಬರುವ ವಾಡಿಕೆ ಜೂನ್ 1. ಆ ವರ್ಷ ಮೇ 24ಕ್ಕೇ ಬಂತು. 1901ರಿಂದ ಈಚೆಗೆ ದೇಶದಲ್ಲಿ ಅಷ್ಟು ಮಳೆ ಬಿದ್ದ ಮೇ ತಿಂಗಳೇ ಇಲ್ಲ. ನಮ್ಮ ಮೈಲುತುತ್ತ ಚೀಲದಲ್ಲೇ ಇತ್ತು. ಬೆಟ್ಟದ ದರಕು (ಒಣಗಿದ ಎಲೆ) ಕೊಟ್ಟಿಗೆ ಸೇರಿರಲಿಲ್ಲ, ಸೌದೆ ಅಂಗಳದಲ್ಲೇ ನೆನೆಯಿತು. ಆಯಿ ಹಚ್ಚಿದ ಹಲಸಿನ ಹಪ್ಪಳ ಅರ್ಧ ಒಣಗಿತ್ತು, ಬೂಸಲು ಬಂತು. "ಹಪ್ಪಳಕ್ಕೆ ಇನ್ನು ಮೇ ತಿಂಗಳನ್ನೂ ನಂಬುವ ಹಾಗಿಲ್ಲ" ಅಂದಳು ಆಯಿ. ಹವಾಮಾನ ಬದಲಾವಣೆ ಅನ್ನುವ ಶಬ್ದವನ್ನು ಅವಳು ಬಳಸುವುದಿಲ್ಲ. ಆದರೆ ಅವಳು ಹೇಳಿದ್ದು ಅದನ್ನೇ ಅಲ್ವಾ?

2023ರಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ದೇಶಕ್ಕೆ 1901ರ ನಂತರದ ಅತಿ ಒಣ ಆಗಸ್ಟ್ ಅದು. ಆಶ್ಲೇಷ ಮಳೆ, ಮಘೆ ಮಳೆ ಎರಡೂ ಕೈಕೊಟ್ಟವು. ಮೆಣಸಿನಲ್ಲಿ ಕಾಳು ಸರಿಯಾಗಿ ಕೂರಲಿಲ್ಲ, ಗದ್ದೆ ಬಿರಿಯಿತು. ನಾವು ಹೊಳವು ಬೇಡುವುದು ಹೌದು, ಆದರೆ ಎರಡು ದಿನದ್ದು, ತಿಂಗಳಿಡೀ ಅಲ್ಲ.

ಅನಿಸಿಕೆಯ ಮಾತಿಗೆ ಬರುತ್ತೇನೆ, ಅಲ್ಲಿ ನಿಮ್ಮ ಅನುಮಾನದಲ್ಲೂ ಸತ್ಯ ಇದೆ. "ಆಗೆಲ್ಲ ಆರಿದ್ರಾ ಮಳೆ ಆರದೆ ಹೊಯ್ಯುತ್ತಿತ್ತು" ಅನ್ನುತ್ತಾರೆ ಅಪ್ಪ. ಅವರಿಗೆ ಪಂಚಾಂಗದ ಅಂಚಿನಲ್ಲಿ ದಿನಾ ಒಂದು ಪದ ಬರೆಯುವ ರೂಢಿ: ಜೋರು, ಸಣ್ಣ, ಹೊಳವು. ಕುಳಿತು ತಿರುವಿ ನೋಡಿದೆ. ಆರಿದ್ರಾ ಒಣಗಿದ ವರ್ಷಗಳು ಆಗಲೂ ಇದ್ದವು. ನೆನಪು ದೊಡ್ಡ ಮಳೆಯನ್ನಷ್ಟೇ ಇಟ್ಟುಕೊಳ್ಳುತ್ತದೆ. ಆದರೆ ಹಳೆಯ ಪುಟಗಳಲ್ಲಿ ಒಂದು ನಕ್ಷತ್ರದ 13–14 ದಿನದೊಳಗೇ ಮೂರೂ ಪದ ಬೆರೆತು ಬರುತ್ತವೆ. ಈಚಿನ ಪುಟಗಳಲ್ಲಿ ಸಾಲಾಗಿ ಜೋರು, ಜೋರು, ಜೋರು. ಆಮೇಲೆ ಸಾಲಾಗಿ ಖಾಲಿ. ಕೂಡಿಸಿದರೆ ಒಟ್ಟು ಮಳೆ ಅಷ್ಟೇ ಬರಬಹುದು. ನಮ್ಮ ತೋಟ ಕೊಳೆಯುವುದು ಆ ಸಾಲಿನಲ್ಲಿ.

ಹವಾಮಾನ ಆಧಾರಿತ ಬೆಳೆ ವಿಮೆಯಲ್ಲೂ ಇದೇ ತೊಡಕು. ಪರಿಹಾರ ನಿರ್ಧಾರವಾಗುವುದು ಪಂಚಾಯಿತಿಯ ಮಳೆಮಾಪಕದ ಅಂಕಿಯಿಂದ. ನಮ್ಮ ತಾಲೂಕಿನಲ್ಲಿ ದೇವಿಮನೆ ಘಟ್ಟದ ಅಂಚಿನ ಮಳೆಗೂ ಬನವಾಸಿ ಮಳೆಗೂ ಹೋಲಿಕೆಯೇ ಇಲ್ಲ. ಒಂದು ಗುಡ್ಡ ದಾಟಿದರೂ ಬೇರೆ ಮಳೆ. ಒಂದು ವರ್ಷ ನಮ್ಮಲ್ಲಿ ಅರ್ಧಕ್ಕರ್ಧ ಕಾಯಿ ಉದುರಿತು, ಮಾಪಕದ ಅಂಕಿ ಮಾತ್ರ ಮಿತಿ ದಾಟಿರಲಿಲ್ಲ. ಹಣ ಬರಲಿಲ್ಲ. ಉದುರಿದ ಕಾಯಿ ಗುಡಿಸುತ್ತಾ ಅಪ್ಪ ಒಂದು ಮಾತೂ ಆಡಲಿಲ್ಲ. ಅದು ನನಗೆ ಇನ್ನೂ ನೋವು.

ಕರಾವಳಿಗೆ ಹೋದರೆ ಅಳತೆಯೇ ಬೇರೆ. ಕುಮಟಾ ಕಡೆ ಅಘನಾಶಿನಿ ಅಳಿವೆಯ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವವರು ಮಳೆಯನ್ನು ಉಪ್ಪಿನಲ್ಲಿ ಅಳೆಯುತ್ತಾರೆ. ಮೊದಲ ಮಳೆ ಗದ್ದೆಯ ಉಪ್ಪು ತೊಳೆಯಿತೇ, ನಡುವೆ ಮಳೆ ನಿಂತು ಉಪ್ಪು ಮತ್ತೆ ಏರಿತೇ, ಅವರ ಚಿಂತೆ ಅದು.

ಹಾಗಾಗಿ ಸಮೀಕ್ಷೆಯಲ್ಲಿ "ಮಳೆ ಹೆಚ್ಚಾಗಿದೆಯಾ, ಕಡಿಮೆಯಾಗಿದೆಯಾ" ಅಂತ ಸುಮ್ನೆ ಕೇಳಬೇಡಿ, ಯಾರೋ ಏನೋ ಒಂದು ಹೇಳಿ ಕಳಿಸುತ್ತಾರೆ. ಎರಡನೇ ಔಷಧ ಯಾವ ನಕ್ಷತ್ರದ ಮಳೆಯಲ್ಲಿ ಹೊಡೆಸಿದಿರಿ, ಎಷ್ಟು ದಿನ ಕಾದಿರಿ, ಚಾಲಿಗೆ (ಬಿಸಿಲಲ್ಲಿ ಒಣಗಿಸಿ ಸುಲಿಯುವ ಅಡಿಕೆಗೆ) ಒಣಗಿಸುವಾಗ ಎಷ್ಟು ಸಲ ತಾಡಪಾಲು ಮುಚ್ಚಿದಿರಿ ಅಂತ ಕೇಳಿ. ನಮ್ಮ ಮನೆಗೂ ಬನ್ನಿ, ಅಪ್ಪನ ಪಂಚಾಂಗಗಳನ್ನು ತೆಗೆದಿಡುತ್ತೇನೆ. ಪುಷ್ಯ ಮಳೆಯಲ್ಲಿ ಬಂದರೆ ಒಳ್ಳೆಯದು, ಜುಲೈ ಕೊನೆಗೆ. ಹೊಳವು ಇರುವ ದಿನ ಮಾತ್ರ ಬೇಡ. ಆವತ್ತು ಊರಲ್ಲಿ ಯಾರಿಗೂ ಮಾತಾಡಲು ಪುರುಸೊತ್ತಿರುವುದಿಲ್ಲ.