ಲಿಯರ್ ರಾಜನ ಅಚ್ಚುಚಿತ್ರ ನಿಜಕ್ಕೂ 1793ರದ್ದಾ?

ನಮಸ್ಕಾರ. ಷೇಕ್ಸ್‌ಪಿಯರ್ ನಾಟಕದ ಲಿಯರ್ ರಾಜ ಬಿರುಗಾಳಿಯಲ್ಲಿ ನಿಂತ ಚಿತ್ರ ಸಿಕ್ಕಿದೆ, ಕೆಳಗೆ 1793 ಅಂತಿದೆ, ಅಷ್ಟು ಹಳೆಯದಾ ಅಂತ ಕೇಳಿದ್ದೀರಿ. ಆ ಇಸವಿ ಚಿತ್ರ ಕೆತ್ತಿ ಅಚ್ಚು ಹಾಕಿದ ತಾಮ್ರದ ತಗಡಿನದು, ನಿಮ್ಮ ಹಾಳೆಯದೇ ಆಗಬೇಕಿಲ್ಲ.

ಲಂಡನ್ನಿನ ಪ್ರಕಾಶಕ ಜಾನ್ ಬಾಯ್ಡೆಲ್ 1789ರಲ್ಲಿ ಷೇಕ್ಸ್‌ಪಿಯರ್ ಗ್ಯಾಲರಿ ತೆರೆದರು. ದೊಡ್ಡ ಕಲಾವಿದರಿಂದ ನಾಟಕದ ದೃಶ್ಯಗಳ ಚಿತ್ರ ಬರೆಸಿ, ತಗಡಿನ ಮೇಲೆ ಕೆತ್ತಿಸಿ, ಅಚ್ಚು ಹಾಕಿಸಿ ಮಾರಿದರು. ಲಿಯರ್ ಚಿತ್ರ ಬೆಂಜಮಿನ್ ವೆಸ್ಟ್ ಅವರದ್ದು, ಕೆತ್ತಿದವರು ವಿಲಿಯಂ ಶಾರ್ಪ್. ಆದರೆ ಅದೇ ಹಳೇ ತಗಡುಗಳನ್ನು ತಿದ್ದಿ 1852ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಮತ್ತೆ ಅಚ್ಚು ಹಾಕಿದರು. ಗೊಂದಲ ಆಗೋದು ಇಲ್ಲೇ.

ಒಂದು ಭೂತಗನ್ನಡಿ ತಗೊಳ್ಳಿ. ರಾಜನ ಗಡ್ಡ ನೋಡಿ. ಗೆರೆಗಳು ಒಂದು ಕಡೆ ದಪ್ಪಗಾಗಿ, ತುದಿಯಲ್ಲಿ ಕೂದಲಿನಷ್ಟು ಸಣ್ಣಗಾದರೆ ಅದು ಕೆತ್ತನೆ. ಒಂದೇ ಅಂತರದ ಚುಕ್ಕಿಗಳ ಸಾಲು ಕಂಡರೆ ಸುಮ್ನೆ ಫೋಟೋ ಪ್ರತಿ. ಕತ್ತಲೆ ಭಾಗದ ಗೆರೆಗಳು ಸವೆದು ಮಸುಕಾಗಿದ್ದರೆ ಆಮೇಲಿನ ಅಚ್ಚು ಇರಬಹುದು. ಚಿತ್ರದ ಸುತ್ತ ತಗಡು ಒತ್ತಿದ ಕುಳಿ ಇದೆಯಾ? ಇದ್ದರೆ ಅದೂ ತಗಡಿನ ಅಚ್ಚಿನ ಗುರುತು. ಅಂಚು ಕತ್ತರಿಸಿದ್ದರೆ ಅದು ಕಾಣಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು ನೀರಚ್ಚನ್ನೂ (ಕಾಗದ ಮಾಡುವಾಗಲೇ ಅದರೊಳಗೆ ಮೂಡಿಸಿದ ಗುರುತು) ಹುಡುಕಿ.

ದಯವಿಟ್ಟು ಒರೆಸಬೇಡಿ, ಹಿಂದೆ ಟೇಪ್ ಅಂಟಿಸಬೇಡಿ. 1852ರದ್ದೇ ಆದರೂ ಶಾರ್ಪ್ ಕೆತ್ತಿದ ಆ ತಗಡಿನಿಂದಲೇ ಬಂದ ಚಿತ್ರ ಅಲ್ವಾ, ಜೋಪಾನ ಮಾಡಿ. ಕೆಳಗಿನ ಸಣ್ಣ ಅಕ್ಷರಗಳ ಫೋಟೋ ಹಾಕಿದರೆ ಇನ್ನೂ ನೋಡಿ ಹೇಳ್ತೀನಿ.