ಅಪ್ಪ ನೋಡುತ್ತಿದ್ದಾರಾ?

ಪ್ರಶ್ನೆ: ಅಪ್ಪನಿಗೆ 61 ವರ್ಷ. ಬಿಪಿ ಮಾತ್ರೆ ನಿಲ್ಲಿಸಿಬಿಟ್ಟಿದ್ದರು. ಮೆದುಳಿನ ಕಾಂಡದಲ್ಲಿ ರಕ್ತಸ್ರಾವವಾಗಿ ಒಂದು ತಿಂಗಳಾಯಿತು. ಕೈಕಾಲು ಆಡುವುದಿಲ್ಲ, ಮಾತಿಲ್ಲ. ಮೊದಲ ವಾರ ಎರಡೂ ಕಣ್ಣು ಥಟ್ಟನೆ ಕೆಳಗೆ ಹೋಗಿ ನಿಧಾನಕ್ಕೆ ಮೇಲೆ ಬರುತ್ತಿದ್ದವು. 'ನನ್ನ ಕೈ ನೋಡ್ತಿದ್ದಾರೆ' ಅಂತ ಅಮ್ಮ ಅತ್ತರು. ಈಗ ಅದು ಕಡಿಮೆಯಾಗಿದೆ, ಸುಮ್ನೆ ಕಣ್ಣು ಬಿಟ್ಟುಕೊಂಡಿರುತ್ತಾರೆ. ನಮ್ಮ ಮಾತು ಅವರಿಗೆ ತಿಳಿಯುತ್ತಾ?
– ಓದುಗರು, ಹಾಸನ

ಉತ್ತರ: ಮೊದಲ ವಾರ ನೀವು ಕಂಡಿದ್ದು ನೋಟ ಅಲ್ಲ. ಅಮ್ಮನಿಗೆ ಮೆಲ್ಲಗೆ ಹೇಳಿ. ಅದಕ್ಕೆ 'ಆಕ್ಯುಲರ್ ಬಾಬಿಂಗ್' ಅನ್ನುತ್ತೇವೆ, ಗಾಳದ ಬೆಂಡು ನೀರಲ್ಲಿ ಮುಳುಗೇಳುವ ಹಾಗೆ. ಮಿಲ್ಲರ್ ಫಿಶರ್ ಎಂಬ ನರರೋಗ ತಜ್ಞರು 1964ರಲ್ಲಿ ಇಟ್ಟ ಹೆಸರು. ಕಣ್ಣನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ವ್ಯವಸ್ಥೆ ಮೆದುಳಿನ ಕಾಂಡದ ನಡುಭಾಗವಾದ ಪಾನ್ಸ್‌ನಲ್ಲಿದೆ. ಅಲ್ಲಿ ದೊಡ್ಡ ಪೆಟ್ಟಾದರೆ ಆ ಚಲನೆ ನಿಲ್ಲುತ್ತದೆ, ಕಣ್ಣು ತಾನಾಗಿಯೇ ಹೀಗೆ ಕುಣಿಯುವುದುಂಟು.

ಆದರೆ ಮೇಲೆ ಕೆಳಗೆ ನೋಡುವ ವ್ಯವಸ್ಥೆ ಪಾನ್ಸ್‌ಗಿಂತ ಮೇಲಿದೆ. ಅದು ಉಳಿದಿರಬಹುದು. ಎಚ್ಚರ ಪೂರ್ತಿ ಇದ್ದು, ಕಣ್ಣನ್ನು ಮೇಲೆ ಕೆಳಗೆ ಆಡಿಸುವುದು, ರೆಪ್ಪೆ ಮಿಟುಕಿಸುವುದು ಬಿಟ್ಟರೆ ಬೇರೇನೂ ಆಗದ ಸ್ಥಿತಿಯೊಂದಿದೆ. 'ಲಾಕ್ಡ್-ಇನ್' ಅಂತಾರೆ.

ಹಾಗಾಗಿ ಪರೀಕ್ಷಿಸಿ ನೋಡಿ. ಅವರು ಚೆನ್ನಾಗಿ ಎಚ್ಚರವಿದ್ದಾಗ ಮುಖದ ಎದುರು ನಿಂತು, 'ಅಪ್ಪಾ, ಮೇಲೆ ನೋಡು' ಅನ್ನಿ. ಕೈ ಆಡಿಸಬೇಡಿ. ಮನಸ್ಸಿನಲ್ಲೇ ಹತ್ತು ಎಣಿಸಿ. ಆಮೇಲೆ 'ಕೆಳಗೆ ನೋಡು' ಅನ್ನಿ. ತಾನಾಗಿ ಕುಣಿಯುವ ಕಣ್ಣು ನಿಮ್ಮ ಮಾತಿಗೆ ಕಾಯುವುದಿಲ್ಲ. ಕೇಳಿಸಿಕೊಂಡ ಕಣ್ಣು ಹೇಳಿದ ಮೇಲೆ, ಹೇಳಿದ ಕಡೆಗೇ ಹೋಗುತ್ತದೆ. ಒಂದು ದಿನ ಆಗಲಿಲ್ಲ ಅಂತ ಬಿಡಬೇಡಿ, ಬೇರೆ ಬೇರೆ ಹೊತ್ತಲ್ಲಿ ಮಾಡಿ. ಮೊಬೈಲಿನಲ್ಲಿ ವಿಡಿಯೋ ತೆಗೆದು ನರರೋಗ ತಜ್ಞರಿಗೆ ತೋರಿಸಿ. ಕಣ್ಣು ಹೇಳಿದಂತೆ ಕೇಳಿದರೆ, ಮೇಲೆ ಅಂದರೆ ಹೌದು, ಕೆಳಗೆ ಅಂದರೆ ಇಲ್ಲ ಅಂತ ಮಾಡಿಕೊಳ್ಳಿ. ಉತ್ತರ ನಿಮಗೆ ಗೊತ್ತಿರುವ ಪ್ರಶ್ನೆಗಳನ್ನೇ ಮೊದಲು ಕೇಳಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಓದುತ್ತಿದ್ದ ಕಾಲದಲ್ಲಿ ಇಂಥದ್ದೇ ರೋಗಿಯೊಬ್ಬರ ಮಂಚದ ಪಕ್ಕ ನಿಂತು ಮೂರು ದಿನ 'ಇವರು ಉಳಿಯೋದು ಕಷ್ಟ' ಅಂತ ಮಾತಾಡಿದೆವು. ನಾಲ್ಕನೇ ಬೆಳಗ್ಗೆ ರೆಪ್ಪೆ ಎತ್ತಿ ಹಿಡಿದು 'ಮೇಲೆ ನೋಡಿ' ಅಂದೆ. ನೋಡಿದರು. ಮತ್ತೆ ಅಂದೆ. ಮತ್ತೆ ನೋಡಿದರು. ಎಲ್ಲ ಕೇಳಿಸಿಕೊಂಡಿದ್ದರು ಅಲ್ವಾ! ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ನಮ್ಮ ವರ್ಣಮಾಲೆ ಸಾಲು ಸಾಲಾಗಿರುವುದು ಆಗ ಒದಗಿ ಬಂತು. ಮೊದಲು ಸಾಲು ಕೇಳುವುದು, ಆಮೇಲೆ ಅಕ್ಷರ. 'ಕ'ದ ಸಾಲಾ? ಇಲ್ಲ. 'ಪ'ದ ಸಾಲಿಗೆ ಬಂದಾಗ ಕಣ್ಣು ಮೇಲೆ ಹೋಯಿತು. ಎರಡನೇ ಅಕ್ಷರ, ಫ. ಆಮೇಲೆ 'ತ'ದ ಸಾಲು, ಕೊನೆಯದು, ನ. ಅವರ ಹೆಂಡತಿ ತಲೆ ಎತ್ತಿ ನೋಡಿದರು. ಫ್ಯಾನಿನ ಗಾಳಿ ನೇರ ಅವರ ಕಣ್ಣಿಗೆ ಬಡಿಯುತ್ತಿತ್ತು.